ಎಲ್ಲಿಂದ ಲೆಕ್ಕ ಅದು? ಪೇಪರ್ ಮೂಲೆಯ ಸಣ್ಣ ಅಂಕಿಗಳ ಕಥೆ

ನಮ್ಮನೇಲಿ ಪೇಪರ್ ಬಂದ್ರೆ ಮೊದ್ಲು ಹೋಗೋದು ಅವ್ವನ ಕೈಗೆ. ರಾಜಕೀಯ ಓದಲ್ಲ, ಸಿನಿಮಾ ಪುಟ ಮುಟ್ಟಲ್ಲ, ಸೀದಾ ಮೂಲೇಲಿರೋ ಸಣ್ಣ ಬಾಕ್ಸ್‌ಗಳಿಗೇ ಕಣ್ಣು. ಪಂಚಾಂಗ, ರಾಹುಕಾಲ, ಚಿನ್ನದ ರೇಟು, ಮಳೆಗಾಲ ಆದ್ರೆ ಡ್ಯಾಮ್ ಮಟ್ಟ. ನಾವು ಮಂಡ್ಯ ಕಡೆಯವ್ರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆದ್ರೂ ಜುಲೈ ಬಂತು ಅಂದ್ರೆ ಕನ್ನಂಬಾಡಿ ಕಟ್ಟೇಲಿ ನೀರೆಷ್ಟು ಅಂತ ನೋಡ್ದೆ ಕಾಫಿ ಗಂಟಲಲ್ಲಿ ಇಳಿಯಲ್ಲ. ಚಿಕ್ಕವ್ವ ಇರೋದು ಎಚ್.ಡಿ. ಕೋಟೆ ಕಡೆ, ಅವ್ರಿಗೆ ಕಬಿನಿ. ವಯನಾಡಲ್ಲಿ ಮಳೆ ಹಿಡಿದ್ರೆ ಸಾಕು ಕಬಿನಿ ಸಾಮಾನ್ಯವಾಗಿ ಎಲ್ಲರಿಗಿಂತ ಮುಂಚೆ ತುಂಬಿಬಿಡುತ್ತೆ, ಆವಾಗ ಚಿಕ್ಕವ್ವ ಫೋನ್ ಮಾಡಿ "ನಮ್ದು ತುಂಬ್ತು, ನಿಮ್ದು ಎಲ್ಲಿಗ್ ಬಂತು?" ಅಂತ ಕೆಣಕೋದು ಪ್ರತಿ ವರ್ಷದ ವಾಡಿಕೆ.

ಒಂದಿನ ಬೆಳಗ್ಗೆ ಅವ್ವ ಕನ್ನಡಕ ಮೂಗಿನ ತುದಿಗಿಟ್ಕೊಂಡು ಕೇಳಿದ್ರು: "ಅಲ್ಲ ಕಣ್ಲಾ, ಕನ್ನಂಬಾಡಿ ಗರಿಷ್ಠ ಮಟ್ಟ 124.80 ಅಡಿ ಅಂತೆ, ಕಬಿನಿದು 2284 ಅಡಿ ಅಂತೆ. ಅದೇನು ನಮ್ ಕಟ್ಟೆಗಿಂತ ಇಪ್ಪತ್ತು ಪಟ್ಟು ಎತ್ರನಾ? ಎಲ್ಲಿಂದ ಲೆಕ್ಕ ಅದು?"

ನಾನು ಇಷ್ಟ್ ವರ್ಷ ಆ ಬಾಕ್ಸ್ ನೋಡ್ಕೊಂಡೇ ಬಂದಿದೀನಿ, ಒಂದ್ಸಲಾನೂ ಈ ಪ್ರಶ್ನೆ ತಲೆಗೆ ಬಂದಿರ್ಲಿಲ್ಲ, ಅದೇ ಬೇಜಾರು. ಹುಡುಕ್ತಾ ಹೋದ್ರೆ ಇದು ಡ್ಯಾಮ್‌ಗೆ ಮಾತ್ರ ಅಲ್ಲ, ಪೇಪರ್ ಮೂಲೇಲಿರೋ ಹೆಚ್ಚುಕಮ್ಮಿ ಎಲ್ಲಾ ಅಂಕಿಗೂ ಕೇಳಬೇಕಾದ ಪ್ರಶ್ನೆ ಅಂತ ಗೊತ್ತಾಯ್ತು. ಅಂಕಿ ಎಷ್ಟು ಅನ್ನೋದಕ್ಕಿಂತ ಸೊನ್ನೆ ಎಲ್ಲಿ ಇಟ್ಟಿದಾರೆ ಅನ್ನೋದೇ ಮುಖ್ಯ.

ಮೊದ್ಲು ಅವ್ವನ ಪ್ರಶ್ನೆಗೇ ಬರೋಣ. ಕೆಆರ್‌ಎಸ್‌ದು, ಅಂದ್ರೆ ನಮ್ಮ ಕನ್ನಂಬಾಡಿದು, ಹಳೇ ಲೆಕ್ಕ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವ್ರು ಚೀಫ್ ಎಂಜಿನಿಯರ್ ಆಗಿದ್ದಾಗ ಕೆಲಸ ಶುರುವಾಯ್ತು, ಪೂರ್ತಿ ಮುಗಿಯೋ ಹೊತ್ತಿಗೆ 1930ರ ದಶಕ ಬಂದಿತ್ತು. ಸಿಮೆಂಟ್ ಅಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಕಟ್ಟೆ ಎತ್ತರ 130 ಅಡಿ. ಅಲ್ಲಿ ನೀರಿನ ಮಟ್ಟ ಹೇಳೋದು ಕಟ್ಟೆ ಬುಡದಲ್ಲಿ ಹೊಳೆ ತಳದಿಂದ. ಅದಕ್ಕೇ 124.80. ಕಬಿನಿ 2284, ಹಾರಂಗಿ 2859, ಹೇಮಾವತಿ 2922, ತುಂಗಭದ್ರಾ 1633, ಲಿಂಗನಮಕ್ಕಿ 1819, ಇವೆಲ್ಲ ಸಮುದ್ರಮಟ್ಟದಿಂದ ಅಳೆದ ಅಡಿಗಳು. ಆಲಮಟ್ಟಿದು ಇನ್ನೂ ಮಜಾ, ಅದೂ ಸಮುದ್ರಮಟ್ಟದಿಂದನೇ ಆದ್ರೆ ಮೀಟರ್‌ನಲ್ಲಿ, 519.60. ಈ ಎಲ್ಲಾನೂ ಒಂದೇ ಟೇಬಲ್ಲಲ್ಲಿ ಒಂದರ ಕೆಳಗೊಂದು ಹಾಕಿ ಪ್ರಿಂಟ್ ಮಾಡ್ತಾರೆ, ನೋಡೋರು ಏನ್ ಅಂದ್ಕೋಬೇಕು? ಒಬ್ಬನ ಎತ್ತರ ನೆಲದಿಂದ ಅಳೆದು, ಇನ್ನೊಬ್ಬ ಮೂರನೇ ಮಹಡೀಲಿ ನಿಂತಿದಾನೆ ಅಂತ ಅವನ ಎತ್ತರ ರೋಡಿಂದ ಅಳೆದಂಗೆ ಆಯ್ತು.

ಹಾಗಾದ್ರೆ ಕನ್ನಂಬಾಡಿನೂ ಸಮುದ್ರಮಟ್ಟದಿಂದ ಅಳೆದ್ರೆ? ಕಟ್ಟೆ ತುಂಬಿದಾಗ ನೀರಿನ ಮಟ್ಟ 752.50 ಮೀಟರ್, ಅಂದ್ರೆ ಸುಮಾರು 2468 ಅಡಿ. ಕಬಿನಿಗಿಂತ 180 ಅಡಿ ಮೇಲೆ! ಇದನ್ನ ಅವ್ವಂಗೆ ಹೇಳಿದ್ದೇ ತಪ್ಪಾಯ್ತು, ಅದರ ಕಥೆ ಆಮೇಲೆ ಹೇಳ್ತೀನಿ.

ಈ ಅಡಿ ಲೆಕ್ಕದಲ್ಲಿ ಇನ್ನೊಂದು ಮೋಸ ಇದೆ. ಕೆಆರ್‌ಎಸ್‌ನಲ್ಲಿ ನೂರಡಿ ನೀರಿದೆ ಅಂದ್ರೆ 124ರಲ್ಲಿ ನೂರು, ಅಂದ್ರೆ ನೂರಕ್ಕೆ ಎಂಬತ್ತು ಭಾಗ ತುಂಬಿದೆ ಅಂತ ಅನ್ಸುತ್ತೆ ಅಲ್ವಾ. ಇಲ್ಲ. ನೂರಡಿ ಇದ್ದಾಗ ಒಳಗಿರೋ ನೀರು ಅರ್ಧಕ್ಕಿಂತ ಕಮ್ಮಿ. ಡ್ಯಾಮ್ ಅಂದ್ರೆ ನೀರಿನ ಟ್ಯಾಂಕ್ ಥರ ಗೋಡೆ ನೆಟ್ಟಗಿರೋ ಪಾತ್ರೆ ಅಲ್ಲ, ಅದೊಂದು ಕಣಿವೆ, ಬಾಣಲೆ ಥರ, ತಳ ಕಿರಿದು ಬಾಯಿ ಅಗಲ. ಬಾಣಲೇಲಿ ತಳದ ಒಂದಿಂಚು ತುಂಬೋಕೆ ಒಂದು ಲೋಟ ಎಣ್ಣೆ ಸಾಕಾದ್ರೆ ಬಾಯಿ ಹತ್ರದ ಒಂದಿಂಚಿಗೆ ನಾಲ್ಕೈದು ಲೋಟ ಬೇಕು. ಹಾಗೇ ಕಟ್ಟೇಲೂ ಕೊನೆ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು ಕೂತಿರೋದು. ಅದಕ್ಕೇ ಮಂಡ್ಯದ ರೈತರು "ನೂರಡಿ ದಾಟ್ತಾ?" ಅಂತ ಕೇಳ್ತಾರೆ, ಆದ್ರೆ ನೂರಡಿ ದಾಟಿದ ಮಾತ್ರಕ್ಕೆ ಭತ್ತದ ಒಟ್ಲು, ಅಂದ್ರೆ ಸಸಿಮಡಿ, ಹಾಕೋಕೆ ಧೈರ್ಯ ಮಾಡಲ್ಲ. ಮೇಲಕ್ಕೆ ಹೋದಂಗೆ ಒಂದಡಿ ಏರೋಕೆ ತುಂಬಾ ನೀರು ಬೇಕು, ಇಳಿಯೋವಾಗಲೂ ಅಷ್ಟೇ, ಶುರೂಲಿ ಮೆಲ್ಲಗೆ ಇಳಿದು ತಳ ಹತ್ರ ಬಂದಂಗೆ ದಡದಡ ಇಳಿಯುತ್ತೆ.

ಆದ್ರಿಂದ ನಿಜವಾದ ನೀರು ಗೊತ್ತಾಗ್ಬೇಕು ಅಂದ್ರೆ ಅಡಿ ಬಿಟ್ಟು ಪಕ್ಕದ ಕಾಲಂ ನೋಡ್ಬೇಕು, ಟಿಎಂಸಿ. ಕೆಆರ್‌ಎಸ್‌ನ ಪೂರ್ತಿ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಲೀಟರ್‌ಗೆ ತಂದ್ರೆ ಸುಮಾರು 2,830 ಕೋಟಿ ಲೀಟರ್. ಇದು ಪಾತ್ರೇಲಿರೋ ನೀರಿನ ಲೆಕ್ಕ, ಕ್ಯೂಸೆಕ್ ಅನ್ನೋದು ನಲ್ಲೀಲಿ ಹರಿಯೋ ನೀರಿನ ಲೆಕ್ಕ, ಸೆಕೆಂಡಿಗೆ ಒಂದು ಘನ ಅಡಿ, ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಎರಡನ್ನೂ ಜೋಡಿಸೋಕೆ ನಾನು ತಲೇಲಿ ಇಟ್ಕೊಂಡಿರೋ ಒಂದೇ ಅಂಕಿ 11,574. ಇಷ್ಟು ಕ್ಯೂಸೆಕ್ ನೀರು ಒಂದು ಪೂರ್ತಿ ದಿನ ಹರಿದ್ರೆ ಒಂದು ಟಿಎಂಸಿ. ಈ ಒಂದು ಅಂಕಿ ಗೊತ್ತಿದ್ರೆ ಪೇಪರ್ ಓದೋ ರೀತಿನೇ ಬದಲಾಗುತ್ತೆ. 2023ರಲ್ಲಿ ಮಳೆ ಕೈಕೊಟ್ಟಾಗ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ಬಿಡಿ ಅಂತ ಆದೇಶ ಬಂದು ಬೆಂಗಳೂರು ಬಂದ್, ಕರ್ನಾಟಕ ಬಂದ್ ಎಲ್ಲಾ ಆಯ್ತಲ್ಲ, ಆಗ ಐದು ಸಾವಿರ ಅನ್ನೋದು ದೊಡ್ಡದಾ ಸಣ್ಣದಾ ಅಂತ ಯಾರಿಗೂ ಅಂದಾಜು ಸಿಗ್ತಿರ್ಲಿಲ್ಲ. ಲೆಕ್ಕ ಹಾಕಿದ್ರೆ ಹದಿನೈದು ದಿನಕ್ಕೆ ಹತ್ತಿರಹತ್ತಿರ ಆರೂವರೆ ಟಿಎಂಸಿ. ಇದು ಬರಗಾಲದಲ್ಲಿ ತುಂಬಾ, ತುಂಬಿ ಹರಿಯೋ ವರ್ಷದಲ್ಲಿ ಏನೇನೂ ಅಲ್ಲ, ಪ್ರವಾಹ ಬಂದ್ರೆ ಒಂದು ಲಕ್ಷ ಕ್ಯೂಸೆಕ್ ಬಿಟ್ಟಾಗ ಅಷ್ಟು ನೀರು ಒಂದು ದಿನದೊಳಗೇ ಹೋಗ್ಬಿಡುತ್ತೆ.

ಇಲ್ಲೂ ಅವ್ವನ ಪ್ರಶ್ನೆನೇ. ಎಲ್ಲಿಂದ ಲೆಕ್ಕ? 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ಕಾವೇರಿ ತೀರ್ಪಿನ ಪ್ರಕಾರ ಮಾಮೂಲಿ ಮಳೆ ವರ್ಷದಲ್ಲಿ ನಾವು ತಮಿಳುನಾಡಿಗೆ ಬಿಡಬೇಕಾಗಿರೋದು 177.25 ಟಿಎಂಸಿ. ಆದ್ರೆ ಅದನ್ನ ಅಳೆಯೋದು ಕೆಆರ್‌ಎಸ್ ಗೇಟ್ ಹತ್ರ ಅಲ್ಲ, ಗಡಿಯಲ್ಲಿರೋ ಬಿಳಿಗುಂಡ್ಲು ಅನ್ನೋ ಜಾಗದಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ. ಕಟ್ಟೆಯಿಂದ ಬಿಟ್ಟಿದ್ದಷ್ಟೇ ಅಲ್ಲಿಗೆ ತಲುಪಲ್ಲ, ಹಂಗೇ ಮಧ್ಯದಲ್ಲಿ ಮಳೆ ಬಂದು ಹಳ್ಳಕೊಳ್ಳ ಸೇರಿದ್ರೆ ಬಿಟ್ಟಿದ್ದಕ್ಕಿಂತ ಜಾಸ್ತಿನೂ ತಲುಪಬಹುದು. ಟೀವಿ ಚರ್ಚೇಲಿ ಇಬ್ರು ಬೇರೆಬೇರೆ ಅಂಕಿ ಹಿಡ್ಕೊಂಡು ಕಿರುಚಾಡ್ತಿದ್ರೆ ಎಷ್ಟೋ ಸಲ ಇಬ್ಬರದೂ ಸರಿನೇ ಇರುತ್ತೆ, ಒಬ್ರು ಕಟ್ಟೆ ಹತ್ರ ನಿಂತಿರ್ತಾರೆ, ಇನ್ನೊಬ್ರು ಬಿಳಿಗುಂಡ್ಲು ಹತ್ರ.

ತುಂಗಭದ್ರಾದಲ್ಲಿ ಮೋಸ ತಳದಲ್ಲೇ ಇದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಈಗ 105.788. ಹೂಳು ಕೂತು ಕೂತು ಇಪ್ಪತ್ತೇಳು ಟಿಎಂಸಿಯಷ್ಟು ಜಾಗ ಹೋಯ್ತು, ಅಂದ್ರೆ ಅರ್ಧ ಕೆಆರ್‌ಎಸ್‌ಗಿಂತ ಜಾಸ್ತಿ. ಆದ್ರೂ ಪೇಪರಲ್ಲಿ ಗರಿಷ್ಠ ಮಟ್ಟ ಅಂದೂ 1633 ಅಡಿ, ಇಂದೂ 1633 ಅಡಿ. ಪಾತ್ರೆ ಬಾಯಿ ಅಲ್ಲೇ ಇದೆ, ತಳ ಮೇಲೆ ಬಂದಿದೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಇಡೀ ಉತ್ತರ ಕರ್ನಾಟಕ ಟಿಎಂಸಿ ಲೆಕ್ಕ ಬಾಯಿಪಾಠ ಮಾಡ್ಕೊಂಡಿತ್ತು.

ಡ್ಯಾಮ್ ಪಕ್ಕದ ಬಾಕ್ಸ್ ಮಳೆದು. 2024ರ ಜೂನ್ 2ನೇ ತಾರೀಖು ಬೆಂಗಳೂರಲ್ಲಿ 111.1 ಮಿಲಿಮೀಟರ್ ಮಳೆ, ಜೂನ್ ತಿಂಗಳಲ್ಲಿ ಒಂದೇ ದಿನಕ್ಕೆ ಅಷ್ಟು ಬಂದಿದ್ದು ನೂರಾ ಮೂವತ್ತು ವರ್ಷದ ದಾಖಲೆ ಮುರೀತು ಅಂತ ಎಲ್ಲಾ ಕಡೆ ಬಂತು. 111 ಮಿಲಿಮೀಟರ್ ಅಂದ್ರೆ ನಾಲ್ಕೂವರೆ ಇಂಚು ಕೂಡ ಇಲ್ಲ, ಅಷ್ಟಕ್ಕೇ ಅಂಡರ್‌ಪಾಸ್ ಮುಳುಗೋದು ಹೆಂಗೆ ಅಂತ ಅನ್ಸುತ್ತೆ. ಮಿಲಿಮೀಟರ್ ಅನ್ನೋದು ಉದ್ದದ ಅಳತೆ, ಮಳೆ ನೋಡಿದ್ರೆ ನೀರು, ಇದೇ ಗೊಂದಲ. ಬಿದ್ದ ನೀರು ಇಂಗದೆ ಹರಿಯದೆ ಆವಿಯಾಗದೆ ಹಾಗೇ ನಿಂತಿದ್ರೆ ಎಷ್ಟು ಎತ್ತರ ನಿಲ್ತಿತ್ತು ಅನ್ನೋದೇ ಆ ಮಿಲಿಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್. ಇದೊಂದು ನೆನಪಿಟ್ಕೊಳ್ಳಿ ಸಾಕು. ಬೆಂಗಳೂರಿನ ಮಾಮೂಲಿ 30x40 ಸೈಟ್ ಅಂದ್ರೆ 111 ಚದರ ಮೀಟರ್ ಚಿಲ್ಲರೆ. ಆ ಒಂದು ದಿನ ಆ ಒಂದು ಸೈಟ್ ಮೇಲೆ ಬಿದ್ದಿದ್ದು ಹನ್ನೆರಡು ಸಾವಿರ ಲೀಟರ್‌ಗಿಂತ ಜಾಸ್ತಿ, ಆರು ಸಾವಿರ ಲೀಟರ್ ಟ್ಯಾಂಕರ್ ಎರಡು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಬೀದಿಲಿ ಟ್ಯಾಂಕರ್‌ಗೆ ಕ್ಯೂ ಇತ್ತು, ನೆನಪಿದೆಯಾ? ಎರಡೂವರೆ ತಿಂಗಳಾದ್ಮೇಲೆ ಎರಡೆರಡು ಟ್ಯಾಂಕರ್ ಪ್ರತಿ ಮನೆ ತಲೆ ಮೇಲೆ ಬಂದು ಸುರೀತು, ನಾವು ಮೋರಿಗೆ ಬಿಟ್ವಿ.

ಮಳೆ "ದಿನ" ಕೂಡ ನಾವು ಅಂದ್ಕೊಂಡಿರೋ ದಿನ ಅಲ್ಲ. ಹವಾಮಾನ ಇಲಾಖೆ ದಿನ ಶುರುವಾಗೋದು ಬೆಳಗ್ಗೆ ಎಂಟೂವರೆಗೆ, ಮುಗಿಯೋದು ಮಾರನೇ ದಿನ ಎಂಟೂವರೆಗೆ. ಯಾಕೆ ಎಂಟೂವರೆ ಅಂದ್ರೆ ಆಗ ಗ್ರೀನಿಚ್‌ನಲ್ಲಿ ಬೆಳಗಿನ ಜಾವ ಮೂರು ಗಂಟೆ, ಜಗತ್ತಿನ ಹವಾಮಾನ ಕೇಂದ್ರಗಳೆಲ್ಲ ಗ್ರೀನಿಚ್ ಟೈಮ್‌ಗೆ ಮೂರು ಮೂರು ಗಂಟೆಗೊಂದ್ಸಲ ಅಳತೆ ತಗೊಳ್ತಾವೆ, ನಮ್ಮ ದೇಶದ ಗಡಿಯಾರ ಐದೂವರೆ ಗಂಟೆ ಮುಂದೆ ಇರೋದ್ರಿಂದ ಆ ಅರ್ಧ ಗಂಟೆ ಬಾಲ ಅಂಟ್ಕೊಂಡು ಬರುತ್ತೆ. ಅದಕ್ಕೇ ರಾತ್ರಿ ಹತ್ತಕ್ಕೆ ಸುರಿದ ಮಳೆ, ಬೆಳಗ್ಗೆ ಐದಕ್ಕೆ ಮನೆ ಬಾಗಿಲಿಗೆ ಬೀಳೋ ಪೇಪರಲ್ಲಿ ಎಷ್ಟೋ ಸಲ ಪೂರ್ತಿ ಇರಲ್ಲ, ಒಂದು ದಿನ ತಡವಾಗಿ ಬರುತ್ತೆ. ಮತ್ತೆ "ಬೆಂಗಳೂರಲ್ಲಿ ಇಷ್ಟು ಮಳೆ" ಅಂದ್ರೆ ಇಡೀ ಬೆಂಗಳೂರು ಅಲ್ಲ, ಅರಮನೆ ರಸ್ತೆಯ ಹವಾಮಾನ ಕೇಂದ್ರದಲ್ಲಿರೋ ಮಾಪಕದೊಳಗೆ ಬಿದ್ದಷ್ಟು. ಯಲಹಂಕದಲ್ಲಿ ಬೀದಿ ಹೊಳೆಯಾಗಿದ್ರೂ ಅಲ್ಲಿ ಹನಿ ಬಿದ್ದಿಲ್ಲ ಅಂದ್ರೆ ಆ ಲೆಕ್ಕದಲ್ಲಿ ಸೊನ್ನೆನೇ. ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯ್ತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಆಟೋಮ್ಯಾಟಿಕ್ ಮಳೆ ಮಾಪಕ ಇಟ್ಟಿರೋದ್ರಿಂದ ಊರೂರಿನ ಲೆಕ್ಕ ಸಿಗುತ್ತೆ, ಪೇಪರ್‌ನ ಬಾಕ್ಸ್‌ಗೆ ಅಷ್ಟು ಜಾಗ ಎಲ್ಲಿದೆ.

ಬಿಸಿಲಿಂದೂ ಇದೇ ಕಥೆ. ರಾಯಚೂರಲ್ಲಿ 42 ಡಿಗ್ರಿ ಅಂತ ಓದಿ ಅಲ್ಲಿನ ಸ್ನೇಹಿತನಿಗೆ ಫೋನ್ ಮಾಡಿದ್ರೆ "42 ಅಂತೆ 42, ಇಲ್ಲಿ ಬಂದು ರೋಡ್ ಮೇಲೆ ನಿಂತು ನೋಡಪಾ" ಅಂತ ಬೈತಾನೆ. ಅವನದೂ ತಪ್ಪಲ್ಲ. ಪೇಪರ್‌ನ ತಾಪಮಾನ ಬಿಸಿಲಲ್ಲಿ ಅಳೆದಿದ್ದಲ್ಲ, ನೆರಳಲ್ಲಿ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿ ಆಡೋಕೆ ಸಂದು ಬಿಟ್ಟಿರೋ ಮರದ ಪೆಟ್ಟಿಗೆಯೊಳಗೆ ಇಟ್ಟಿರೋ ಥರ್ಮಾಮೀಟರ್ ಹೇಳೋ ಗಾಳಿಯ ಬಿಸಿ ಅದು. ಪೆಟ್ಟಿಗೆ ಹೆಸರು ಸ್ಟೀವನ್ಸನ್ ಸ್ಕ್ರೀನ್, ಮಾಡಿದೋರು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್, ಲೈಟ್‌ಹೌಸ್ ಕಟ್ಟೋ ಎಂಜಿನಿಯರ್. ಡಾಂಬರು ರೋಡು, ಆರ್‌ಸಿಸಿ ತಾರಸಿ ಎಲ್ಲಾ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತೆ, ಅದಕ್ಕೆ ಪೇಪರಲ್ಲಿ ಬಾಕ್ಸ್ ಇಲ್ಲ.

ಇನ್ನು ಅವ್ವನ ಅಚ್ಚುಮೆಚ್ಚಿನ ಬಾಕ್ಸ್, ಪಂಚಾಂಗ. ನಂಗೆ ಕೇಳಿದ್ರೆ ಇಡೀ ಪೇಪರಲ್ಲಿ ಅತಿ ಜಾಸ್ತಿ ಗಣಿತ ಇರೋದು ಇಲ್ಲೇ, ಷೇರು ಪುಟದಲ್ಲಲ್ಲ. ನಂಬೋದು ಬಿಡೋದು ನಿಮ್ಮಿಷ್ಟ, ನಾನು ಲೆಕ್ಕ ಮಾತ್ರ ಹೇಳ್ತೀನಿ.

ತಿಥಿ ಅಂದ್ರೆ ದಿನ ಅಲ್ಲ, ಕೋನ. ಅಮಾವಾಸ್ಯೆ ದಿನ ಸೂರ್ಯ ಚಂದ್ರ ಆಕಾಶದಲ್ಲಿ ಒಂದೇ ಕಡೆ ಇರ್ತಾರೆ, ಅದು ಸೊನ್ನೆ. ಅಲ್ಲಿಂದ ಚಂದ್ರ ಸೂರ್ಯನನ್ನ ಬಿಟ್ಟು ಹನ್ನೆರಡು ಡಿಗ್ರಿ ಮುಂದೆ ಹೋದ್ರೆ ಪಾಡ್ಯ ಮುಗೀತು, ಇನ್ನೊಂದು ಹನ್ನೆರಡಾದ್ರೆ ಬಿದಿಗೆ ಮುಗೀತು, ಹಿಂಗೇ ಮೂವತ್ತು ತಿಥಿ ಆದ್ರೆ 360 ಡಿಗ್ರಿ, ಮತ್ತೆ ಅಮಾವಾಸ್ಯೆ. ಚಂದ್ರ ಒಂದೇ ಸ್ಪೀಡಲ್ಲಿ ಹೋಗಿದ್ರೆ ತಕರಾರೇ ಇರ್ಲಿಲ್ಲ. ಅವನ ದಾರಿ ಮೊಟ್ಟೆ ಆಕಾರ, ಭೂಮಿಗೆ ಹತ್ರ ಬಂದಾಗ ಸುಮಾರು 3.63 ಲಕ್ಷ ಕಿಲೋಮೀಟರ್, ದೂರ ಹೋದಾಗ 4.05 ಲಕ್ಷ. ಹತ್ರ ಇದ್ದಾಗ ಓಡ್ತಾನೆ, ದೂರ ಇದ್ದಾಗ ಕಾಲೆಳ್ಕೊಂಡು ಹೋಗ್ತಾನೆ. ಹಾಗಾಗಿ ಒಂದು ತಿಥಿ ಹತ್ತೊಂಬತ್ತು ಗಂಟೆಯಿಂದ ಇಪ್ಪತ್ತಾರು ಗಂಟೆವರೆಗೂ ಆಗಬಹುದು. ಆದ್ರೆ ದಿನಕ್ಕೆ ಒಂದು ಹೆಸರು ಬೇಕಲ್ಲ, ಅದಕ್ಕೆ ಹಿರಿಯರು ಮಾಡಿದ ನಿಯಮ: ಸೂರ್ಯ ಹುಟ್ಟೋವಾಗ ಯಾವ ತಿಥಿ ನಡೀತಿದೆಯೋ ಅದೇ ಆ ದಿನದ ತಿಥಿ. ಈಗ ಒಂದು ತಿಥಿ ಸೂರ್ಯೋದಯ ಆದ್ಮೇಲೆ ಶುರುವಾಗಿ ಮಾರನೇ ಸೂರ್ಯೋದಯಕ್ಕೆ ಮುಂಚೆ ಮುಗಿದುಹೋದ್ರೆ? ಅದಕ್ಕೆ ದಿನನೇ ಸಿಗಲ್ಲ, ಕ್ಷಯ ತಿಥಿ. ಉದ್ದದ ತಿಥಿ ಎರಡು ಸೂರ್ಯೋದಯ ನೋಡಿಬಿಟ್ರೆ ಎರಡು ದಿನನೂ ಅದೇ ತಿಥಿ. ಹಬ್ಬ ಇವತ್ತಾ ನಾಳೆಯಾ ಅಂತ ಮನೇಲಿ ಜಗಳ ಆಗೋದಕ್ಕೆ ಮುಖ್ಯ ಕಾರಣ ಇದು, ಮೇಲಿಂದ ಒಂದೊಂದು ಹಬ್ಬಕ್ಕೆ ಒಂದೊಂದು ಹೊತ್ತಿನ ತಿಥಿ ನೋಡೋ ಸಂಪ್ರದಾಯ ಬೇರೆ. ಅಮೆರಿಕದಲ್ಲಿರೋ ಕನ್ನಡದೋರು ಇಲ್ಲಿನ ಕ್ಯಾಲೆಂಡರ್ ನೋಡಿ ಏಕಾದಶಿ ಮಾಡಿದ್ರೆ ಒಂದು ದಿನ ಹೆಚ್ಚುಕಮ್ಮಿ ಆಗೋದೂ ಇದಕ್ಕೇ, ತಿಥಿ ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಬದಲಾಗುತ್ತೆ, ಸೂರ್ಯೋದಯ ಮಾತ್ರ ಊರಿಗೊಂದು.

ಹನ್ನೆರಡು ಚಾಂದ್ರಮಾಸ ಸೇರಿದ್ರೆ 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಹಿಂಗೇ ಬಿಟ್ರೆ ಯುಗಾದಿ ಹಿಂದೆ ಹಿಂದೆ ಸರಿದು ಮಾವಿನ ಚಿಗುರೂ ಬೇವಿನ ಹೂವೂ ಇಲ್ಲದ ಕಾಲಕ್ಕೆ ಬಂದುಬಿಡುತ್ತೆ. ಅದಕ್ಕೆ ಸುಮಾರು ಮೂವತ್ತೆರಡು-ಮೂವತ್ಮೂರು ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸ್ತಾರೆ. ಯಾವುದು ಅಧಿಕ ಅಂತ ಯಾರೋ ಕೂತು ತೀರ್ಮಾನ ಮಾಡೋದಲ್ಲ, ಯಾವ ಚಾಂದ್ರಮಾಸದೊಳಗೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟೋದೇ ಇಲ್ವೋ ಅದು ತಾನಾಗೇ ಅಧಿಕ ಆಗುತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ಕ್ಕೆ ಅಧಿಕ ಜ್ಯೇಷ್ಠ. ಇಸ್ಲಾಮಿಕ್ ಕ್ಯಾಲೆಂಡರ್‌ನೋರು ಈ ಜೋಡಣೆ ಮಾಡಲ್ಲ, ಅದಕ್ಕೇ ರಂಜಾನ್ ವರ್ಷ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬಂದು ಬೇಸಿಗೆ ಮಳೆ ಚಳಿ ಎಲ್ಲಾ ಕಾಲನೂ ಸುತ್ತಿ ಬರೋದು. ನಮ್ಮ ಕರಾವಳಿಯೋರದು ಇನ್ನೊಂದು ದಾರಿ, ಅವ್ರು ಚಂದ್ರನ ಗೊಡವೆನೇ ಬೇಡ ಅಂತ ಸೂರ್ಯ ಮೇಷಕ್ಕೆ ಬಂದ ದಿನ, ಏಪ್ರಿಲ್ 14-15ಕ್ಕೆ ಬಿಸು ಮಾಡ್ತಾರೆ.

ರೈತರ ಮಳೆ ನಕ್ಷತ್ರನೂ ಸೂರ್ಯನದೇ ಲೆಕ್ಕ. ಪಂಚಾಂಗದಲ್ಲಿ "ಇವತ್ತಿನ ನಕ್ಷತ್ರ" ಅಂತ ಇರೋದು ಚಂದ್ರಂದು, ದಿನಕ್ಕೊಂದು ಬದಲಾಗುತ್ತೆ. "ಮಳೆ ನಕ್ಷತ್ರ: ಆರಿದ್ರಾ" ಅಂತ ಇರೋದು ಸೂರ್ಯಂದು, ಇಪ್ಪತ್ತೇಳು ನಕ್ಷತ್ರಕ್ಕೆ ಒಂದು ವರ್ಷ ಹಂಚಿದ್ರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಆರಿದ್ರಾ ಜೂನ್ ಮೂರನೇ ವಾರದ ಹತ್ರ ಶುರು, ಮಘೆ ಆಗಸ್ಟ್ ಮಧ್ಯಕ್ಕೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಅವ್ವ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕೋಕೆ ನೆಪ ಮಾಡ್ಕೊಳ್ತಿದ್ದಿದ್ದು ಇದೇ ಲೆಕ್ಕದ ಮೇಲೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ಸೂರ್ಯನ ದಾರೀಲಿ ಸೊನ್ನೆ ಎಲ್ಲಿ? ಪಂಚಾಂಗ ನಕ್ಷತ್ರಗಳನ್ನ ನೋಡಿ ಸೊನ್ನೆ ಇಟ್ಕೊಂಡಿದೆ, ಋತುಗಳು ಮಾತ್ರ ಭೂಮಿ ಯಾವ ಕಡೆ ವಾಲಿದೆ ಅನ್ನೋದನ್ನ ನೋಡಿ ಬದಲಾಗ್ತವೆ. ಭೂಮಿ ತಿರುಗೋ ಬುಗುರಿ ಥರ ಮೆಲ್ಲಗೆ ತಲೆ ಆಡಿಸೋದ್ರಿಂದ ಈ ಎರಡು ಸೊನ್ನೆಗಳೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ದೂರ ಆಗ್ತಾ ಹೋಗ್ತವೆ. ಅದಕ್ಕೇ ಸೂರ್ಯ ನಿಜವಾಗ್ಲೂ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕಾದ್ರೆ, ನಾವು ಎಳ್ಳುಬೆಲ್ಲ ಬೀರೋದು ಜನವರಿ 14-15ಕ್ಕೆ. ಎರಡೂ ಒಂದೇ ದಿನ ಬರ್ತಿದ್ದ ಕಾಲ ಒಂದಿತ್ತು, ಸಾವಿರದೇಳ್ನೂರು ವರ್ಷದ ಹಿಂದೆ.

"ಸಂಕ್ರಾಂತಿ ಆಯ್ತು ಅಂದ್ರೆ ಹೊತ್ತು ಬೆಳೀತದೆ ಅಂತಾರೆ, ಪೇಪರಲ್ಲಿ ನೋಡಿದ್ರೆ ಸೂರ್ಯ ಇನ್ನೂ ಲೇಟಾಗಿ ಹುಟ್ತಾವ್ನಲ್ಲ" ಅಂತ ಅವ್ವ ಇನ್ನೊಂದ್ ಸಲ ಹಿಡ್ಕೊಂಡ್ರು. ಹೌದು ಮತ್ತೆ. ಬೆಂಗಳೂರಲ್ಲಿ ಡಿಸೆಂಬರ್ 21ರಂದು ಸೂರ್ಯೋದಯ ಸುಮಾರು 6.37, ಜನವರಿ ಕೊನೆಗೆ 6.46ರ ಹತ್ರ. ಹಗಲು ಉದ್ದ ಆಗ್ತಿರೋದು ನಿಜ, ಆದ್ರೆ ಸಂಜೆ ಕಡೆಯಿಂದ ಮಾತ್ರ. ಜನವರಿ ಶುರೂಲಿ ಭೂಮಿ ಸೂರ್ಯನಿಗೆ ತೀರಾ ಹತ್ರ ಇದ್ದು ಜೋರಾಗಿ ಓಡ್ತಿರುತ್ತೆ, ವಾಲಿರೋದರ ಪರಿಣಾಮನೂ ಸೇರ್ಕೊಳ್ಳುತ್ತೆ, ಎರಡೂ ಸೇರಿ ನಡುಮಧ್ಯಾಹ್ನ ದಿನಾ ಸ್ವಲ್ಪ ಸ್ವಲ್ಪ ತಡ ಆಗುತ್ತೆ. ಇಡೀ ಹಗಲನ್ನೇ ಗಡಿಯಾರದ ಮೇಲೆ ಬಲಕ್ಕೆ ತಳ್ಳಿದಂಗೆ.

ಗಡಿಯಾರನೂ ನಮ್ಮೂರಿಂದಲ್ಲ ಅನ್ನೋದು ಬೇರೆ ಮಾತು. ಭಾರತದ ಟೈಮ್ ಇರೋದು 82.5 ಡಿಗ್ರಿ ರೇಖಾಂಶಕ್ಕೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ರ ಹಾದುಹೋಗುತ್ತೆ. ಬೆಂಗಳೂರು 77.6ರಲ್ಲಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಾವು ಇಪ್ಪತ್ತು ನಿಮಿಷ ಹಿಂದೆ, ಮಂಗಳೂರು ಅರ್ಧ ಗಂಟೆ ಹಿಂದೆ. ನಮ್ಮ ನೆತ್ತಿ ಮೇಲೆ ಸೂರ್ಯ ಬರೋದು ಸರಾಸರಿ ಹನ್ನೆರಡೂ ಇಪ್ಪತ್ತಕ್ಕೆ.

ಇದನ್ನೆಲ್ಲ ರಾಹುಕಾಲಕ್ಕೆ ತಂದು ಹಚ್ಚಿ. ಹಗಲನ್ನ ಎಂಟು ಭಾಗ ಮಾಡಿ ಸೋಮವಾರ ಎರಡನೇ ಭಾಗ, ಶನಿವಾರ ಮೂರನೇದು, ಶುಕ್ರವಾರ ನಾಲ್ಕನೇದು, ಬುಧ ಐದು, ಗುರು ಆರು, ಮಂಗಳ ಏಳು, ಭಾನು ಎಂಟು ಅಂತ ಲೆಕ್ಕ. ಬೆಳಗ್ಗೆ ಆರಕ್ಕೆ ಸೂರ್ಯ ಹುಟ್ಟಿ ಸಂಜೆ ಆರಕ್ಕೆ ಮುಳುಗಿದ್ರೆ ಒಂದೊಂದು ಭಾಗ ಒಂದೂವರೆ ಗಂಟೆ, ಸೋಮವಾರ ಏಳೂವರೆಯಿಂದ ಒಂಬತ್ತು. ಕ್ಯಾಲೆಂಡರಲ್ಲಿ, ಎಷ್ಟೋ ಪೇಪರಲ್ಲಿ ವರ್ಷಪೂರ್ತಿ ಇದೇ. ಆದ್ರೆ ಡಿಸೆಂಬರ್ ಕೊನೇಲಿ ಬೆಂಗಳೂರಿನ ಅಸಲಿ ಸೂರ್ಯೋದಯ ಹಿಡಿದು ಲೆಕ್ಕ ಹಾಕಿದ್ರೆ ಸೋಮವಾರದ ರಾಹುಕಾಲ ಶುರುವಾಗೋದೇ ಎಂಟು ಗಂಟೆಗೆ, ಮುಗಿಯೋದು ಒಂಬತ್ತೂವರೆ ಹತ್ರ. ಅಂದ್ರೆ ಒಂಬತ್ತಾಯ್ತು, ರಾಹುಕಾಲ ಹೋಯ್ತು ಅಂತ ಗಾಡಿ ತೆಗೆದೋರೆಲ್ಲ ಸರಿಯಾಗಿ ರಾಹುಕಾಲದೊಳಗೇ ಹೊರಟಿರ್ತಾರೆ. ಇಷ್ಟು ವರ್ಷ ಏನೂ ಆಗಿಲ್ವಲ್ಲ ಅಂದೆ. ಅವ್ವ ಆ ವಾರ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ.

ಉಳಿದ ಬಾಕ್ಸ್‌ಗಳು ಬೇಗ ಮುಗಿಯುತ್ತೆ. ಚಿನ್ನದ 22 ಕ್ಯಾರೆಟ್ ಅಂದ್ರೆ ಇಪ್ಪತ್ನಾಲ್ಕು ಭಾಗದಲ್ಲಿ ಇಪ್ಪತ್ತೆರಡು ಭಾಗ ಚಿನ್ನ, ಭಾಗಿಸಿದ್ರೆ 0.916, ಅಂಗಡಿಯೋರು ಹೇಳೋ 916 ಇದೇ. ಸೆನ್ಸೆಕ್ಸ್ ರೂಪಾಯಿನೂ ಅಲ್ಲ ಪರ್ಸೆಂಟೂ ಅಲ್ಲ, 1978-79ರಲ್ಲಿ ಅದನ್ನ ನೂರು ಅಂತ ಇಟ್ಕೊಂಡು ಅಲ್ಲಿಂದ ಎಷ್ಟು ಪಟ್ಟಾಯ್ತು ಅಂತ ಎಣಿಸ್ತಿರೋದು. ಭೂಕಂಪದ ರಿಕ್ಟರ್ ಅಂಕಿ ಮಾತ್ರ ಸ್ವಲ್ಪ ನಿಂತು ನೋಡ್ಬೇಕು. ವಿಜಯಪುರದಲ್ಲಿ 3ರ ಆಸುಪಾಸು ಕಂಪನ ಅಂತ ಸುದ್ದಿ ಬರ್ತಾನೇ ಇರುತ್ತೆ, 1993ರ ಸೆಪ್ಟೆಂಬರ್ 30ಕ್ಕೆ ಲಾತೂರ್ ಕಡೆ ಸಾವಿರಾರು ಜನರನ್ನ ಬಲಿ ತಗೊಂಡಿದ್ದು 6.2. ಎರಡು ಪಟ್ಟು ಅನ್ಸುತ್ತೆ. ಆದ್ರೆ ಇಲ್ಲಿ ಒಂದು ಅಂಕಿ ಏರಿದ್ರೆ ಹೊರಬರೋ ಶಕ್ತಿ ಸುಮಾರು 32 ಪಟ್ಟು, ಮೂರು ಮೆಟ್ಟಿಲು ಅಂದ್ರೆ ಮೂವತ್ತು ಸಾವಿರ ಪಟ್ಟಿಗೂ ಮೇಲೆ. ಇದರ ಸೊನ್ನೆ ಕೂಡ "ಏನೂ ಇಲ್ಲ" ಅಲ್ಲ, 1935ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ಟರ್ ಆಗಿನ ಯಂತ್ರಕ್ಕೆ ಸಿಗೋ ಅತಿ ಸಣ್ಣ ಅದುರಾಟದ ಹತ್ರ ಸೊನ್ನೆ ಇಟ್ರು, ಈಗಿನ ಯಂತ್ರ ಅದಕ್ಕಿಂತ ಸಣ್ಣದನ್ನೂ ಹಿಡಿಯೋದ್ರಿಂದ ಮೈನಸ್ ಭೂಕಂಪನೂ ದಾಖಲಾಗ್ತವೆ.

ಈಗ ಆಮೇಲೆ ಹೇಳ್ತೀನಿ ಅಂದಿದ್ನಲ್ಲ. ಕನ್ನಂಬಾಡಿ ನೀರು ಸಮುದ್ರಮಟ್ಟದಿಂದ ಕಬಿನಿಗಿಂತ 180 ಅಡಿ ಮೇಲಿದೆ ಅಂತ ಕೇಳಿದ್ದೇ ತಡ ಅವ್ವ ಫೋನ್ ಎತ್ಕೊಂಡ್ರು. "ನಿಮ್ ಕಬಿನಿ ಮೊದ್ಲು ತುಂಬಿದ್ರೆ ಏನಾಯ್ತು, ಎತ್ರದಲ್ಲಿ ನಮ್ ಕಟ್ಟೆನೇ ಮೇಲು ಕಣಮ್ಮಿ, ಸಮುದ್ರದಿಂದ ಅಳ್ದವ್ರೆ." ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಚಿಕ್ಕವ್ವನ ದನಿ ಸ್ಪೀಕರಲ್ಲಿ: "ಯಾವ್ ಸಮುದ್ರದಿಂದ ಅಂತೆ?"

ಅವ್ವ ನನ್ನ ಮುಖ ನೋಡಿದ್ರು. ಎರಡು ದಿನ ಬೇಕಾಯ್ತು ನಂಗೆ. 1909ರಲ್ಲಿ ಸರ್ವೆ ಆಫ್ ಇಂಡಿಯಾದೋರು ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಅಳೆದು ತೆಗೆದ ಸರಾಸರಿ ಅದು, ಅರಬ್ಬೀ ಸಮುದ್ರದ್ದೂ ಇದೆ, ಬಂಗಾಳ ಕೊಲ್ಲಿದೂ ಇದೆ, ಆ ಒಂಬತ್ತರಲ್ಲಿ ನಮ್ಮ ಕಾರವಾರನೂ ಒಂದು. ಚಿಕ್ಕವ್ವಂಗೆ ಫೋನ್ ಮಾಡಿ ಹೇಳಿದೆ. "ಆಗ್ಲಿ ಬುಡಪ್ಪ," ಅಂದ್ರು, "ನಿಮ್ದು ಈ ವರ್ಷ ತುಂಬ್ತಾ ಇಲ್ವಾ ಅದ್ ಹೇಳು."